ಮೈದಾನಕ್ಕೆ ಬಂದ ಕೋಳಿಗಳು

ಶಿಗ್ಗಾಂವಿಯ ಬಸ್ಸು ಹತ್ತಿದಾಗಿನಿಂದ ಹೊಳೆವ್ವನದು ಒಂದೇ ಮಾತು: "ಅಲ್ಲಿ ಬಾಯಿ ಮಾಡಬ್ಯಾಡ. ತಪ್ಪಾತು ಅನ್ನು, ಕೈ ಮುಗಿ, ಸೀಟು ತಗೋ."

ಮಗಳು ಸುನಿತಾ ಮಾರ್ಕ್ಸ್ ಕಾರ್ಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹತ್ತನೆಯ ಕ್ಲಾಸಿನಲ್ಲಿ ಇಡೀ ಶಾಲೆಗೇ ಮೊದಲು ಬಂದವಳು ಅವಳು. ಬೇಕಾಗಿದ್ದದ್ದು ಶಿಗ್ಗಾಂವಿಯ ಕಾಲೇಜಿನ ಸೈನ್ಸ್ ಸೀಟು. ಉಳಿಯಲು ಅಕ್ಕನ ಮನೆಯೂ ಅಲ್ಲೇ ಇತ್ತು. ಅಡ್ಡ ಬಂದದ್ದು ಟಿಸಿಯಲ್ಲಿ ಹೆಡ್‌ಮಾಸ್ತರರು ಬರೆದ ಎರಡೇ ಶಬ್ದ: ನಡತೆ ಸರಿಯಿಲ್ಲ.

ಆ ನಡತೆಯ ಕತೆ ಇಷ್ಟು. ಸುಗ್ಗಿ ಬಂತೆಂದರೆ ಅವರ ಊರು ತಿಳವಳ್ಳಿಯಲ್ಲಿ ಸಪಾಟಾಗಿ ಕಂಡ ನೆಲವೆಲ್ಲ ಒಣಗಲು ಹರವಿದ ಗೋವಿನಜೋಳದ್ದೇ. ರಸ್ತೆಯಾಯಿತು, ಗುಡಿಯ ಕಟ್ಟೆಯಾಯಿತು, ಆ ವರ್ಷ ಶಾಲೆಯ ಮೈದಾನವೂ ಆಯಿತು. ಜೋಳ ಶಾಲಾ ಸಮಿತಿಯ ಅಧ್ಯಕ್ಷ ಅಜ್ಜಪ್ಪನವರದು; ಕೇಳುವವರು ಯಾರು? ಹುಡುಗಿಯರ ಖೋಖೋ ನಿಂತಿತು. ಅಭ್ಯಾಸವಿಲ್ಲದೆ ಹಾನಗಲ್ಲಿನ ಪಂದ್ಯಕ್ಕೆ ಹೋಗಿ ಸೋತು ಬಂದರು. ಸುನಿತಾ ದೂರು ಹೇಳಿದರೆ ಹೆಡ್‌ಮಾಸ್ತರರು, "ಅಧ್ಯಕ್ಷರಿಗೆ ನಾ ಹೆಂಗ ಹೇಳ್ಲವಾ?" ಎಂದು ಚಹಾ ಕುಡಿದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಮೈಕಿನಲ್ಲಿ ಹೆಡ್‌ಮಾಸ್ತರರದ್ದೇ ದನಿ, ಅದೇ ಕೆಮ್ಮಿನ ಸಮೇತ: "ಊರಿನ ಸಮಸ್ತರಿಗೆ ವಿನಂತಿ. ಶಾಲಿ ಮೈದಾನದಾಗ ಜೋಳ ಹರವೇವಿ. ಕೋಳಿ ಇದ್ದವರು ದಯಮಾಡಿ ತಂದು ಬಿಡ್ರಿ." ನಿಜವಾದ ಹೆಡ್‌ಮಾಸ್ತರರು ಆಗಿನ್ನೂ ಬಸ್ಸಿನಲ್ಲಿದ್ದರು. ಅವರು ಬಂದು ಇಳಿಯುವಷ್ಟರಲ್ಲಿ ಊರಿನ ಕೋಳಿಗಳೆಲ್ಲ ಮೈದಾನದಲ್ಲಿದ್ದವು.

ಕಾಲೇಜಿನ ಪ್ರಿನ್ಸಿಪಾಲ್ ಸುಧಾರಾಣಿ ಈ ಕತೆಯನ್ನೆಲ್ಲ ಕೇಳಿ ಟಿಸಿಯನ್ನು ಮೇಜಿನ ಮೇಲಿಟ್ಟರು. "ಮಾರ್ಕ್ಸ್ ಚಲೋ ಅದಾವು. ಆದ್ರ ಇಂಥಾದ್ದು ಬರದಿದ್ರ ನಾವೂ ಅಂಜ್ತೇವಿ. ತಪ್ಪಾಗೇತಿ, ಇನ್ನ ಹಿಂಗ ಮಾಡೂದಿಲ್ಲ ಅಂತ ಬರದು ಕೊಡು. ಸೀಟು ನಿಂದು."

ಹೊಳೆವ್ವ ಮಗಳ ತೊಡೆ ಚಿವುಟಿದಳು. ಸುನಿತಾ ಪೆನ್ನು ಹಿಡಿದಳು. ಅದೇನು ಮಹಾ, ಗೀಚಿ ಕೊಟ್ಟರೆ ಮುಗಿಯಿತು. ಅಷ್ಟರಲ್ಲಿ ಕಣ್ಣು ಕಿಟಕಿಯಾಚೆ ಹೋಯಿತು. ಮಳೆ ಇನ್ನೂ ಹಿಡಿದಿರಲಿಲ್ಲ. ಕಾಲೇಜಿನ ವಾಲಿಬಾಲ್ ಅಂಕಣದ ತುಂಬ ಯಾರದೋ ಗೋವಿನಜೋಳ ಒಣಗುತ್ತಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪೆನ್ನು ಕೆಳಗಿಟ್ಟಳು.

"ಹೆಡ್‌ಮಾಸ್ತರ್ ದನಿ ತಗದದ್ದು ತಪ್ಪ್ರಿ. ಬೇಕಾದ್ರ ಅವರ ಕಾಲು ಹಿಡಿತೇನಿ. ಕೋಳಿ ಕರದದ್ದು ತಪ್ಪಲ್ಲ. ಅದನ್ನ ಬರಿಯೂದಿಲ್ಲ."

"ಹಂಗಾದ್ರ ಸೀಟೂ ಇಲ್ಲ."

"ಆತ್ರಿ." ಸುನಿತಾ ಮೇಜಿನ ಮೇಲಿನ ಟಿಸಿ ಎತ್ತಿಕೊಂಡಳು. ಎದ್ದು ನಿಂತಳು.

ಈಗ ಅವ್ವ ಕಾಲಿಗೆ ಬೀಳುತ್ತಾಳೆ ಎಂದು ಅವಳಿಗೆ ನಾಚಿಕೆಯಾಗತೊಡಗಿತು. ಹೊಳೆವ್ವನೂ ಸೆರಗು ಸರಿಮಾಡಿಕೊಂಡು ಎದ್ದಳು.

"ಅಕ್ಕಾರ, ಬರದು ಕೊಡೂದಿದ್ರ ನಾನೂ ಕೊಡಬೇಕಾಕ್ಕೇತಿ. ಮೈಕಿನ್ಯಾಗ ಕೇಳಿದಕೂಡ್ಲೆ ಅದು ನನ್ನ ಮಗಳು ಅಂತ ಗೊತ್ತಾತು. ಹಡದಾಕಿಗೆ ಗೊತ್ತಾಗೂದಿಲ್ಲೇನ್ರಿ? ಗೊತ್ತಿದ್ದೂ ಕೋಳಿ ಬಿಟ್ಟೇನಿ. ಎಲ್ಲಾರಕಿಂತ ಮೊದಲ ಹೋದದ್ದು ನಮ್ಮ ಕೋಳಿ."

ಸುನಿತಾ ಬೆರಗಾಗಿ ಅವ್ವನ ಮುಖ ನೋಡಿದಳು. ಇಷ್ಟು ದಿನ ಕೂತಲ್ಲಿ ನಿಂತಲ್ಲಿ ಬೈದವಳು ಇವಳೇನಾ!

ಸುಧಾರಾಣಿ ಕಿಟಕಿಯಾಚೆಯ ಜೋಳ ನೋಡಿದರು. ಆ ಜೋಳ ಯಾರದೆಂಬುದು ಅವರಿಗೆ ಗೊತ್ತಿತ್ತು, ತಾವು ಈವರೆಗೆ ಒಂದು ಮಾತೂ ಆಡಿಲ್ಲ ಎಂಬುದೂ ಗೊತ್ತಿತ್ತು. ಕೊನೆಗೆ ಅರ್ಜಿ ಎಳೆದುಕೊಂಡು ಸಹಿ ಹಾಕಿದರು.

"ಸೀಟು ಕೊಟ್ಟೇನಿ. ಆದ್ರ ನಮ್ಮ ಮೈಕಿನ ತಂಟಿಗೆ ಬರಬ್ಯಾಡ."

"ಬರೂದಿಲ್ರಿ," ಎಂದಳು ಸುನಿತಾ. "ಜೋಳ ಯಾವಾಗ ತಗಸ್ತೀರಿ?"