ಕೊನೆಯ ಐದು ಅಕ್ಷರ

ನಮ್ಮ ಬೀದಿಯ ವಾಚನಾಲಯದಲ್ಲಿ ಇರುವುದು ಎರಡೇ ಕಂಪ್ಯೂಟರು. ಒಂದು ಹಿಂದಿನ ಕೋಣೆಯಲ್ಲಿ, ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಬೈಂಡರಪ್ಪನ ಹತ್ತಿರ. ಇನ್ನೊಂದು ಕಿಟಕಿಯ ಪಕ್ಕ, ಓದುಗರಿಗೆಂದು. ಹೆಸರಿಗೆ ಓದುಗರದು, ಮೂರು ಗಂಟೆಯ ಮೇಲೆ ಅದು ನನ್ನ ಅಕ್ಕನದೇ. ಅವಳ ಕಣ್ಣು ಮಂಜಾಗಿ ನಾಲ್ಕು ವರ್ಷವಾಯಿತು. ಪರದೆಯ ಮೇಲೆ ಒಂದೊಂದು ಅಕ್ಷರವನ್ನೂ ಅಂಗೈಯಷ್ಟು ದೊಡ್ಡದು ಮಾಡಿಕೊಂಡು ದಿನಕ್ಕೆ ಎರಡು ಪುಟ ಓದುತ್ತಾಳೆ. ಬೇರೆ ದಾರಿ ಅವಳಿಗಿಲ್ಲ.

ಕೇಂದ್ರ ಗ್ರಂಥಾಲಯದಿಂದ ಕಾಗದ ಬಂತು. ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್‌ಗೆ ಸರಿಯಾದ ಲೈಸೆನ್ಸ್ ಇದೆಯೇ ಎಂದು ನೋಡಲು ಅಧಿಕಾರಿ ಬರುತ್ತಾರೆ, ಇಲ್ಲದ ಯಂತ್ರವನ್ನು ಅಂದೇ ಒಯ್ಯುತ್ತಾರೆ ಎಂದಿತ್ತು.

"ಲೈಸೆನ್ಸಾ? ಇದೇನು ಮೇಜು ಬಿಟ್ಟು ರಸ್ತೆಗೆ ಇಳಿಯುತ್ತಾ?" ಎಂದಳು ಅಕ್ಕ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು, ನಿವೃತ್ತಿಯ ಮೇಲೆ ಈ ವಾಚನಾಲಯ ನೋಡಿಕೊಳ್ಳುತ್ತಿರುವವಳು. ಎಲೆ ನೋಡಿ ಗಿಡ ಯಾವುದೆನ್ನಬಲ್ಲೆ. ಇದರ ತಲೆಬುಡ ತಿಳಿಯಲಿಲ್ಲ. ಬೀರುವನ್ನೆಲ್ಲ ತಡಕಿದಾಗ ಫ್ಯಾನಿನ ಗ್ಯಾರಂಟಿ ಕಾರ್ಡು ಸಿಕ್ಕಿತು, ಲೈಸೆನ್ಸ್ ಸಿಗಲಿಲ್ಲ.

ಅಧಿಕಾರಿ ನಲವತ್ತೈದರ ಆಸುಪಾಸಿನ ಹೆಂಗಸು. ಒಳಗೆ ಬಂದವರೇ, ಓದುತ್ತಿದ್ದ ಅಕ್ಕನನ್ನು ಎಬ್ಬಿಸದೆ ಪಕ್ಕಕ್ಕೊಂದು ಸ್ಟೂಲು ಎಳೆದುಕೊಂಡು ಕುಳಿತರು. ಅದನ್ನು ನಾನು ಗಮನಿಸಿದೆ.

"ಕಾಗದ ಸಿಗಲಿಲ್ಲ ಕಣಮ್ಮ," ಎಂದೆ.

"ಕಾಗದ ಬೇಡ ಮೇಡಂ. ಪರದೆ ಪಕ್ಕದ ಈ ಪೆಟ್ಟಿಗೆ ಮುಚ್ಚಳದ ಮೇಲೆ ಚೀಟಿ ಇದೆ ನೋಡಿ. ಇಪ್ಪತ್ತೈದು ಅಕ್ಷರ, ಅದೇ ಲೈಸೆನ್ಸ್. ಒಳಗೆ ಹಾಕಿರೋದೂ ಅದೇ ಇರ್ಬೇಕು."

ಆಕೆ ಏನೋ ಒತ್ತಿದರು. ಲೈಸೆನ್ಸ್ ಇದೆ ಎಂದು ಯಂತ್ರವೇ ಪರದೆಯ ಮೇಲೆ ಹೇಳಿತು. ನನ್ನ ಎದೆ ಹಗುರಾಯಿತು.

"ಇದೆ ಅಂತಿದೆಯಲ್ಲ!"

"ಅದು ಹಾಗೇ ಅನ್ನುತ್ತೆ. ಇನ್ನೊಂದು ಯಂತ್ರದ ಅಕ್ಷರ ಹಾಕಿದ್ರೂ ಕೆಲವು ಸಲ ಇದೆ ಅನ್ನುತ್ತೆ."

"ಮತ್ತೆ ಅದನ್ನ ಕೇಳೋದಾದ್ರೂ ಯಾಕೆ?"

ಆಕೆ ನಕ್ಕು, ಕಪ್ಪು ಚೌಕವೊಂದನ್ನು ತೆರೆದು ಒಂದು ಸಾಲು ಬರೆದರು. "ಕೊನೆಯ ಐದು ಅಕ್ಷರ ಮಾತ್ರ ತೋರ್ಸುತ್ತೆ. ನೀವು ಚೀಟಿ ಓದಿ, ಇವ್ರು ಪರದೆ ಓದ್ಲಿ," ಎಂದವರೇ ಅಕ್ಕನಿಗೆಂದು ಆ ಐದನ್ನೂ ದೊಡ್ಡದು ಮಾಡಿದರು.

"ಕೆ, ಏಳು, ಟಿ, ಟಿ, ಒಂಬತ್ತು," ಎಂದೆ ನಾನು.

"ಎಂ, ನಾಲ್ಕು, ಜಿ, ಡಬ್ಲ್ಯೂ, ಎರಡು," ಎಂದಳು ಅಕ್ಕ.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಟಾರ್ಚು ಹಿಡಿದು ಮೂರನೆಯ ಸಲ ಓದಿದೆ. ಚೀಟಿ ತನ್ನ ಮಾತು ಬಿಡಲಿಲ್ಲ.

"ನಾನೇ ತಪ್ಪು ಓದಿರ್ಬೇಕು," ಎಂದಳು ಅಕ್ಕ, ಧ್ವನಿ ಸಣ್ಣದಾಗಿ. "ನನ್ನ ಕಣ್ಣು ನಂಬಬೇಡಿ."

"ಇಲ್ಲಮ್ಮ, ಒಂದಕ್ಷರಾನೂ ತಪ್ಪಿಲ್ಲ," ಎಂದರು ಆಕೆ.

ಯಂತ್ರ ಇದೆ ಎನ್ನುತ್ತದೆ, ಚೀಟಿ ಇದೆ ಎನ್ನುತ್ತದೆ, ಎರಡೂ ಸೇರಿದರೆ ಇಲ್ಲ ಎಂದಾಗುತ್ತದೆ. ಇದು ಯಾವ ಲೆಕ್ಕವೋ ನನಗೆ ಹೊಳೆಯಲಿಲ್ಲ. ಕಳ್ಳಮಾಲು ಎಂದರೆ ಎಲ್ಲಿಂದ, ಯಾವಾಗ? ಅಧಿಕಾರಿ ಪೆನ್ನು ತೆಗೆದರು, ಬರೆಯದೆ ಹಾಗೇ ಹಿಡಿದುಕೊಂಡರು. ಅಕ್ಕ ಮೌಸಿನ ಮೇಲಿಂದ ಕೈ ತೆಗೆಯಲಿಲ್ಲ.

"ನೂರ ಹನ್ನೆರಡನೇ ಪುಟದಲ್ಲಿದ್ದೀನಿ," ಎಂದಳು. "ಮುಗಿಯೋಕೆ ಇನ್ನೂ ತುಂಬ ಇದೆ."

ಅಷ್ಟರಲ್ಲಿ ಬೈಂಡರಪ್ಪ ಬಾಗಿಲಿಗೆ ಬಂದು ನಿಂತ. ಕೈಯಲ್ಲಿದ್ದ ಕುಂಚದಿಂದ ಅಂಟು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ನಂದನ್ನೂ ಒಂದ್ಸಲ ನೋಡ್ಬಿಡಿ. ಆಮೇಲೆ ಬರೀರಿ."

ಹಿಂದಿನ ಕೋಣೆಗೆ ಹೋದೆವು. ಅವನು ರಟ್ಟಿನ ರಾಶಿ ಸರಿಸಿದ. ಅವನ ಪೆಟ್ಟಿಗೆಯ ಮೂಲೆ ಬಾಗಿ ಚೂಪಾಗಿತ್ತು. ಆ ಮೂಲೆಯನ್ನು ನಾನು ಬಲ್ಲೆ. ಎರಡು ವರ್ಷದ ಹಿಂದೆ, ಅದು ಕಿಟಕಿಯ ಪಕ್ಕದ ಯಂತ್ರದ ಮೇಲಿದ್ದಾಗ, ಯಾರೋ ಕುರ್ಚಿ ತಗುಲಿಸಿ ಬಗ್ಗಿಸಿದ್ದು. ಅಕ್ಕನ ಮಣಿಕಟ್ಟು ವಾರಕ್ಕೆರಡು ಸಲ ಗೀರಿ ಹೋಗುತ್ತಿತ್ತು, ನಾನು ಕರ್ಚೀಫು ಸುತ್ತಿಡುತ್ತಿದ್ದೆ. ಒಂದು ಸೋಮವಾರ ಬಂದು ನೋಡಿದರೆ ಮೂಲೆ ನೆಟ್ಟಗಿತ್ತು.

"ನೀನು ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡಿದ್ದೆ ಅಂದ್ಕೊಂಡಿದ್ನಲ್ಲೋ!"

"ತಟ್ಟಿದೆ ಅಮ್ಮಾ, ಜಗ್ಗಲಿಲ್ಲ. ನಂದು ನೆಟ್ಟಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಅದಲು ಬದಲು ಮಾಡ್ದೆ. ಚೀಟಿನೂ ಜತೇಲೇ ಹೋಗುತ್ತೆ ಅಂತ ಯಾವನಿಗೆ ಗೊತ್ತಿತ್ತು?"

"ಒಂದು ಮಾತು ಹೇಳ್ಬಾರ್ದಿತ್ತಾ?"

"ಅದೇನು ಡಂಗುರ ಹೊಡೆಯೋ ವಿಷಯನಾ?" ಎಂದು ಕುಂಚದ ಕಡೆ ನೋಡಿಕೊಂಡ.

ಬಾಗಿದ ಮುಚ್ಚಳದ ಚೀಟಿಯ ಕೊನೆಯಲ್ಲಿ ಎಂ, ನಾಲ್ಕು, ಜಿ, ಡಬ್ಲ್ಯೂ, ಎರಡು. ಅವನ ಪರದೆಯ ಮೇಲೆ ಕೆ, ಏಳು, ಟಿ, ಟಿ, ಒಂಬತ್ತು. ಅಧಿಕಾರಿ ಎರಡೆರಡು ಸಲ ಓದಿ ಉಸಿರು ಬಿಟ್ಟರು.

"ಎರಡಕ್ಕೂ ಲೈಸೆನ್ಸ್ ಇದೆ. ಆದ್ರೆ ಅದರದರ ಚೀಟಿ ಅದರದರ ಮೇಲೇ ಇರ್ಬೇಕು. ಇಲ್ದಿದ್ರೆ ನನ್ನ ನಂತರ ಬರೋರು ಎತ್ಕೊಂಡು ಹೋಗ್ತಾರೆ."

ಹಾಗಾದರೆ ಆ ಮೂಲೆ ಮತ್ತೆ ಅಕ್ಕನ ಕೈಪಕ್ಕಕ್ಕೆ ಬರಬೇಕು. ಬೈಂಡರಪ್ಪ ಸ್ಕ್ರೂ ಬಿಚ್ಚಿದ, ಮುಚ್ಚಳಗಳನ್ನು ಬದಲಿಸಿದ. ಆಮೇಲೆ ಪುಸ್ತಕದ ಮೂಲೆಗಳಿಗೆ ಅಂಟಿಸುವ ಕೆಂಪು ಬಟ್ಟೆ ತಂದು, ಮೂರು ಪದರ ಮಡಿಸಿ, ಆ ಚೂಪು ಮೂಲೆಗೆ ಅಂಟು ಸವರಿ ಸುತ್ತಿದ. ಅಂಟು ಹಿಡಿಯುವವರೆಗೂ ಯಾರಾದರೂ ಒತ್ತಿಕೊಂಡಿರಬೇಕಿತ್ತು. ಅಧಿಕಾರಿ ಹೆಬ್ಬೆರಳಿಟ್ಟು ಕುಳಿತರು. ಇನ್ನೊಂದು ಕೈಯಲ್ಲೇ ಸಹಿ ಹಾಕಿದರು, ಅದು ಸೊಟ್ಟಗೆ ಬಂತು.

ಆಕೆ ಹೋದ ಮೇಲೆ ಅಕ್ಕ ಮೂಲೆಯನ್ನು ಸವರಿ ನೋಡಿದಳು. "ರಟ್ಟು ಕಟ್ಟಿಯಾಯ್ತಲ್ಲ, ಇದನ್ನೂ ಕಪಾಟಿನಲ್ಲಿಡಿ," ಎಂದಳು. ಪರದೆಯತ್ತ ಮುಖ ತಂದು, "ಎಷ್ಟನೇ ಪುಟದಲ್ಲಿದ್ದೆ ನಾನು?"

ನನಗೆ ಆ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

"ನೂರ ಹನ್ನೆರಡು, ದೊಡ್ಡಮ್ಮಾ," ಎಂದು ಹಿಂದಿನ ಕೋಣೆಯಿಂದ ಬೈಂಡರಪ್ಪ ಕೂಗಿದ.