ಬೆಟ್ಟದ ರಕ್ತ

ಟಕ್ ಟಕ್ ಟಕ್, ಯಾರೋ ತಟ್ಟೆಯ ಅಂಚಿಗೆ ಮೂಳೆ ಬಡಿಯುತ್ತಿದ್ದಾರೆ — ಅಲ್ಲ, ಬಡಿದುಕೊಳ್ಳುತ್ತಿರುವುದು ಆಸ್ಪತ್ರೆಯ ಈ ಸ್ಕ್ಯಾನ್ ಕೊಳವೆ, ಒಳಗೆ ಮಲಗಿರುವುದು ತಾನು, ನೆಮೆಸಿಯಾ, ಶಾಲಿನ ಪಿನ್ನು, ಓಲೆ, ಟೋಪಿ ಎಲ್ಲ ಹೊರಗೆ ಮಗಳು ಯೊವಾನಾಳ ಮಡಿಲಲ್ಲಿ, ಅಲುಗಾಡಬೇಡಿ ಅಮ್ಮ, ಚಿತ್ರ ಕೆಡುತ್ತೆ ಅಂತ ಕಿವಿಯೊಳಗೆ ಯಂತ್ರದವನ ದನಿ, ಅಲುಗಾಡದೆ ಇರೋಕೆ ಅವಳೇನು ಹೆಣವೇ, ಬೆಟ್ಟದ ನೆತ್ತಿಯ ಊರು ಎಲ್ ಆಲ್ಟೊದ ಸಂತೆಯಲ್ಲಿ ಅರ್ಧ ಆಯುಸ್ಸು ನಿಂತೇ ಮೂಳೆಸಾರು ಬಡಿಸಿದವಳು, ಗಿರಾಕಿಗಳು ಮೂಳೆ ಬಡಿದಾಗ ಮಜ್ಜೆ ಜಾರಿ ಬೀಳಬೇಕು, ಬೀಳದಿದ್ದರೆ ಏನಕ್ಕಾ, ಬಡಕಲು ದನದ್ದಾ ಅಂತ ರೇಗಿಸುವರು, ಇನ್ನೊಂದು ಹಾಕುವಳು, ಇನ್ನೊಂದು ಇರುತ್ತಿತ್ತು — ಆಗ ಅವಳ ಮುಖ ಬೀಟ್‌ರೂಟ್ ಕೆಂಪು, ತಲೆ ಸಿಡಿತ, ಸ್ನಾನ ಮಾಡಿದರೆ ಮೈಯೆಲ್ಲ ತುರಿಕೆ, ಎಲ್ಲರೂ ಅಂದದ್ದು ಒಂದೇ, ಬೆಟ್ಟದ ರಕ್ತ ಕಣೇ, ಇಷ್ಟೆತ್ತರದಲ್ಲಿ ಯಾರ ರಕ್ತ ಗಟ್ಟಿಯಾಗಲ್ಲ ಹೇಳು, ಗಂಡ ಸೆವೆರೊಗೂ ಇತ್ತು, ಪಕ್ಕದ ಅಂಗಡಿ ಫೆಲಿಸಾಗೂ ಇದೆ, ದವಾಖಾನೆಯವರೂ ಹೌದೆಂದು ರಕ್ತ ತೆಗೆದು ಕಳಿಸಿದರು, ಕೆಳಗಿಳಿದು ಇದ್ದು ಬಾ, ತಿಳಿಯಾಗುತ್ತೆ — ಕಾಫಿ ತೋಟದ ತಂಗಿ ಮನೆಗೆ ಇಳಿದಳು, ಸೆಕೆಯಲ್ಲಿ ಬೆಂದಳು, ತಿಳಿಯಾಗಲಿಲ್ಲ, ಹತ್ತಿ ಬಂದಳು, ಆಮೇಲೆ ಒಂದು ವರ್ಷ ಕೆಂಪು ತಾನಾಗಿಯೇ ಇಳಿಯಿತು, ಕೆನ್ನೆ ಬೆಳ್ಳಗಾಯಿತು, ಫೆಲಿಸಾ ಓಡಿ ಬಂದು ತಬ್ಬಿಕೊಂಡಳು, ಬೆಟ್ಟ ನಿನ್ನ ಬಿಟ್ಟುಬಿಡ್ತು ಕಣೇ, ಭೂಮಿತಾಯಿಗೆ ಒಂದು ಲೋಟ ಹೆಂಡ ಚೆಲ್ಲು, ಚೆಲ್ಲಿದಳು, ಕುಣಿದಳು ಕೂಡ, ಅಯ್ಯೋ, ಒಳಗೆ ಮಜ್ಜೆ ನಾರಾಗಿ ಸಾಯುತ್ತಿದ್ದಾಗ ಕುಣಿದಳಲ್ಲ, ಎಡಹೊಟ್ಟೆ ಕಲ್ಲಿನಂತೆ ಊದಿದಾಗ ಈ ವಯಸ್ಸಲ್ಲಿ ಬಸುರೇನೇ ಅಂತ ಫೆಲಿಸಾ ನಕ್ಕಳು, ಇವಳೂ ನಕ್ಕಳು, ಈಗ ಯಾರನ್ನ ಬೈಯೋದು, ಪಾಪ ಬೆಟ್ಟ, ಅದರದ್ದೇನೂ ತಪ್ಪಿರಲಿಲ್ಲ, ಆ ಕೆಂಪೂ ಮೊದಲಿಂದ ಮಜ್ಜೆಯದೇ ರೋಗ — ಸೊಂಟದ ಮೂಳೆಗೆ ಸೂಜಿ ಚುಚ್ಚಿ ಎಳೆದರು, ಒಂದು ತೊಟ್ಟು ಮಜ್ಜೆಯೂ ಬರಲಿಲ್ಲ, ಮತ್ತೆ ಚುಚ್ಚಿದರು, ಡಾಕ್ಟರಮ್ಮ ಮೆಲ್ಲಗೆ, ಚಿತ್ರ ತೆಗೆಸೋಣ, ಮೂಳೆಯೊಳಗೆ ಬೆಳ್ಳಗೆ ಕಾಣೋದು ಒಳ್ಳೇ ಮಜ್ಜೆ, ಕಪ್ಪು ಕಂಡ್ರೆ ಅದು ಹೋದ ಹಾಗೆ, ಸ್ವಲ್ಪ ಬಿಳಿ ಉಳಿದಿದ್ರೂ ಒಂದಷ್ಟು ಕಾಲ ಸಿಗುತ್ತೆ — ಸ್ವಲ್ಪ, ಯೊವಾನಾಳ ಮದುವೆ ನೋಡುವಷ್ಟು, ಸದ್ದು ನಿಂತಿತು, ಹಲಗೆ ಹೊರಗೆ ಸರಿಯಿತು, ಗಾಜಿನಾಚೆ ಪರದೆಯ ಮೇಲೆ ಅವಳದೇ ಬೆನ್ನೆಲುಬು, ಯೊವಾನಾ ಟೋಪಿ ಅವುಚಿಕೊಂಡು, ಅಮ್ಮ, ಬೆಳ್ಳಗಿರೋದು ಎಲ್ಲಿ, ಎಲ್ಲಿದೆಯಮ್ಮ, ಕಪ್ಪು, ಬುಡದಿಂದ ತುದಿವರೆಗೂ ಕಪ್ಪು, ಎಲ್ಲೋ ಒಂದು ಇರಬೇಕು, ಇನ್ನೊಂದು ಹಾಕಿ, ಇನ್ನೊಂದು — ತಟ್ಟೆಯ ಅಂಚಿಗೆ ಮೂಳೆ, ಟಕ್, ಏನೂ ಬೀಳಲಿಲ್ಲ, ಟಕ್, ಟಕ್, ಏನೂ ಬೀಳುತ್ತಿಲ್ಲ