ಹನ್ನೆರಡನೆಯ ಟೋಪಿ

ಮಕ್ಕಳನ್ನು ನನ್ನ ಜೊತೆ ಕಳಿಸಲು ಮಗಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. “ಇಬ್ಬರ ಕೈನೂ ಬಿಡಬಾರದಮ್ಮ. ಬಿಟ್ಟೆ ಅಂತ ಗೊತ್ತಾಯ್ತೋ, ಇದೇ ಕೊನೆ. ಆಮೇಲೆ ನಿನ್ನ ಜೊತೆ ಎಲ್ಲಿಗೂ ಕಳಿಸಲ್ಲ.” ಹೋದ ತಿಂಗಳು ಮೊಮ್ಮಗನನ್ನು ಅಂಗಡಿಯಲ್ಲಿ ಐದು ನಿಮಿಷ ಮರೆತು ಬಂದಿದ್ದೆ. ಅದನ್ನು ಅವಳು ಇನ್ನೂ ಅರಗಿಸಿಕೊಂಡಿರಲಿಲ್ಲ. ಐದೇ ನಿಮಿಷ! ನಲವತ್ತು ವರ್ಷ ಜನರ ಬಟ್ಟೆ ಹೊಲಿದವಳು ನಾನು, ಯಾರದ್ದೂ ಒಂದು ಗುಂಡಿ ಕಳೆದವಳಲ್ಲ. ಅದು ಮಾತ್ರ ಯಾರ ನೆನಪಿನಲ್ಲೂ ಇರುವುದಿಲ್ಲ.

ನಮ್ಮ ಬಡಾವಣೆಯ ಅಜ್ಜ ಅಜ್ಜಿಯರೆಲ್ಲ ಸೇರಿ ಮೊಮ್ಮಕ್ಕಳಿಗೆ ಕಾಡು ತೋರಿಸಲು ಹೊರಟಿದ್ದೆವು. ಮುಂದಾಳು ಸೀಟಿ ಮೇಷ್ಟ್ರು. ಡ್ರಿಲ್ ಮೇಷ್ಟ್ರಾಗಿ ನಿವೃತ್ತಿಯಾದರೂ ಸೀಟಿಗೆ ಇನ್ನೂ ಬಿಡುವು ಕೊಟ್ಟಿಲ್ಲ. ಅವರು ಊದಿದ ಕೂಡಲೇ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ತಮ್ಮ ನಂಬರ್ ಕೂಗಬೇಕು. ಒಟ್ಟು ಹನ್ನೊಂದು ಮಕ್ಕಳು. ನನ್ನ ಮೊಮ್ಮಗಳು ಆರು, ಅವಳ ತಮ್ಮ ಏಳು. ಎಲ್ಲರಿಗೂ ಹಳದಿ ಟೋಪಿ ಹೊಲಿದು, ಹಣೆಯ ಮೇಲೆ ಕೆಂಪು ದಾರದಲ್ಲಿ ನಂಬರ್ ಹಾಕಿದವಳು ನಾನೇ. ಬಟ್ಟೆ ಸ್ವಲ್ಪ ಮಿಕ್ಕಿತು. ಮಿಕ್ಕ ಬಟ್ಟೆಯನ್ನು ಸುಮ್ಮನೆ ಬಿಡಲು ಟೈಲರ್ ಕೈ ಕೇಳುತ್ತದೆಯೇ? ಹನ್ನೆರಡನೆಯದನ್ನೂ ಹೊಲಿದುಬಿಟ್ಟೆ, ನಂಬರ್ ಸಮೇತ.

“ಇದು ಯಾರಿಗೆ ಟೈಲರಮ್ಮ?” ಅಂತ ಮೇಷ್ಟ್ರು ಕಾಡಿನ ಗೇಟಿನ ಹತ್ತಿರ ಕೇಳಿದರು.

“ಒಳಗೆ ಯಾರಾದ್ರೂ ಬರಿತಲೆಯವರಿದ್ರೆ ಹಾಕ್ಕೊಳ್ಳಲಿ ಬಿಡಿ” ಎಂದು ನಕ್ಕು, ಟೋಪಿಯನ್ನು ಗೇಟಿನ ಕಂಬಕ್ಕೆ ಸಿಕ್ಕಿಸಿದೆ. ವಾಪಸು ಬರುವಾಗ ತೆಗೆದುಕೊಂಡರಾಯಿತು ಅಂದುಕೊಂಡಿದ್ದೆ.

ಅರ್ಧ ಗಂಟೆ ನಡೆಯುವಷ್ಟರಲ್ಲಿ ಮಂಜು ಇಳಿಯಿತು. ಹಕ್ಕಿ ತೋರಿಸುತ್ತೇವೆಂದು ಕರೆತಂದಿದ್ದೆವು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಮೇಷ್ಟ್ರು ಸೀಟಿ ಊದಿದರು. ಒಂದು, ಎರಡು, ಮೂರು… ಹನ್ನೊಂದರವರೆಗೆ ಬಂತು. ಆಮೇಲೆ ಸಾಲಿನ ಹಿಂದಿನಿಂದ, ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ಅಂಜುತ್ತಾ, ಒಂದು ದನಿ ಕೇಳಿತು.

“ಹನ್ನೆರಡು.”

ಮಕ್ಕಳು ಗೊಳ್ಳೆಂದರು. “ಯಾವುದೋ ಅದು ಕಪಿ?” ಎಂದು ಮೇಷ್ಟ್ರು ಗದರಿದರು. ಮಾತು ಬೆಳೆಯದಿರಲಿ ಎಂದು ನಾನೇ, “ನಮ್ಮವನದ್ದೇ ಚೇಷ್ಟೆ, ನಡೀರಿ ನಡೀರಿ” ಅಂದುಬಿಟ್ಟೆ.

ಮೊಮ್ಮಗನ ಮುಖ ಚಿಕ್ಕದಾಯಿತು. “ನಾನಲ್ಲ ಅಜ್ಜಿ. ಹಿಂದೆ ಬರ್ತಾ ಇದ್ದಾನಲ್ಲ, ಅವನು.”

ತಿರುಗಿ ನೋಡಿದೆ. ಮಂಜು ಬಿಟ್ಟರೆ ಏನೂ ಇಲ್ಲ. ಇಬ್ಬರ ಕೈಯನ್ನೂ ಬಿಗಿ ಹಿಡಿದು ಹೆಜ್ಜೆ ಹಾಕಿದೆ.

ಹಳ್ಳದ ಪಕ್ಕ ಹೋಗುವಾಗ ಫೋನ್ ಬಡಿದುಕೊಂಡಿತು. ಇನ್ಯಾರು, ಮಗಳು. ಚೀಲದಿಂದ ಫೋನ್ ತೆಗೆಯಲು ಮೊಮ್ಮಗನ ಕೈ ಬಿಟ್ಟೆ. “ಇಬ್ಬರೂ ನನ್ನ ಕೈಯಲ್ಲೇ ಇದ್ದಾರೆ ಕಣೇ, ನೀನು ನಿನ್ನ ಕೆಲಸ ನೋಡ್ಕೋ” ಎಂದು ಗತ್ತಿನಿಂದಲೇ ಹೇಳಿದೆ. ಫೋನ್ ಒಳಗಿಟ್ಟು, ನಡೆಯುತ್ತಲೇ ಬಲಗೈಯನ್ನು ಹಿಂದಕ್ಕೆ ಚಾಚಿದೆ. ಪುಟ್ಟ ಕೈಯೊಂದು ಬಂದು ಸೇರಿಕೊಂಡಿತು. ಒದ್ದೆಯಾಗಿ ತಣ್ಣಗಿತ್ತು. ಹಳ್ಳದ ನೀರಿನಲ್ಲಿ ಆಡಿರಬೇಕು ಅಂದುಕೊಂಡು ಸುಮ್ಮನಾದೆ.

ದಾರಿ ಏರತೊಡಗಿತು. ಮೇಲೆ ತಲುಪಿದಾಗ ಮತ್ತೆ ಸೀಟಿ. ಐದು ಆಯಿತು. ನನ್ನ ಎಡಗಡೆಯಿಂದ ಮೊಮ್ಮಗಳು “ಆರು” ಅಂದಳು. ಆಮೇಲೆ ಬಲಗಡೆಯಿಂದ ಬರಬೇಕಿದ್ದ ದನಿ ದೂರದಿಂದ, ಕೆಳಗೆ ಹಳ್ಳದ ಕಡೆಯಿಂದ ಬಂತು.

“ಏಳು! ಅಜ್ಜೀ, ಏಳು!”

ಅಳುತ್ತಿದ್ದ. ಬಲಗಡೆ ಬಗ್ಗಿ ನೋಡಿದೆ. ಟೋಪಿ ಮೂಗಿನವರೆಗೆ ಇಳಿದಿತ್ತು, ಮುಖ ಕಾಣಲಿಲ್ಲ. ಕಂಡಿದ್ದು ಕೆಂಪು ದಾರದ ಹನ್ನೆರಡು. ನನ್ನದೇ ಹೊಲಿಗೆ.

ಕೈ ಕೊಸರಿದೆ. ಅದು ಬಿಡಲಿಲ್ಲ.

“ನಾನೂ ಕೂಗಿದ್ದೆ” ಅಂದಿತು ಮೆಲ್ಲಗೆ. “ಯಾರೂ ಬರಲಿಲ್ಲ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಯಾವ ಮಗುವನ್ನೂ ಎಂದೂ ತಳ್ಳಿದವಳಲ್ಲ ನಾನು. ಅವತ್ತು ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ಮೊಮ್ಮಗಳನ್ನು ಮೇಷ್ಟ್ರ ಕಡೆ ನೂಕಿ, ಬಿದ್ದು ಎದ್ದು ಕೆಳಗೋಡಿದೆ. ಸೊಂಟದವರೆಗೆ ಒದ್ದೆಯಾಗಿ, ಹಳ್ಳದ ಅಂಚಿನ ಬಂಡೆಯನ್ನು ತಬ್ಬಿಕೊಂಡು ಮೊಮ್ಮಗ ಗಡಗಡ ನಡುಗುತ್ತಿದ್ದ. ಎತ್ತಿಕೊಂಡು ಮೇಲೆ ಬಂದಾಗ ಆ ಜಾಗದಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಮತ್ತೆ ಊದಿದರು. ಹನ್ನೊಂದಕ್ಕೆ ನಿಂತಿತು. ಇನ್ನೊಂದು ದನಿಗಾಗಿ ನಾನು ಉಸಿರು ಹಿಡಿದು ಕಾದೆ, ಬರಲಿಲ್ಲ.

ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಮಗಳು ಗೇಟಿನಲ್ಲಿ ಕಾಯುತ್ತಿದ್ದಳು. ಮೊಮ್ಮಗನ ಒದ್ದೆ ಬಟ್ಟೆ ನೋಡಿ ಹುಬ್ಬು ಗಂಟಿಕ್ಕಿದಳು.

“ಕೈ ಬಿಟ್ಟಿರಲಿಲ್ಲ ತಾನೇ?”

ಹೇಳಬೇಕು ಅನ್ನಿಸಿತು. ಹೇಳಿದರೆ ಇದೇ ಕೊನೆ ಎಂಬುದೂ ನೆನಪಾಯಿತು.

“ಒಂದು ಗಳಿಗೆನೂ ಇಲ್ಲ” ಅಂದೆ.

ಮೊಮ್ಮಗ ತಲೆಯೆತ್ತಿ ನನ್ನ ಮುಖವನ್ನೇ ನೋಡಿದ. ನನ್ನ ಬಲಗೈಯಿಂದ ತನ್ನ ಕೈ ಬಿಡಿಸಿಕೊಂಡು ಅಮ್ಮನ ಹತ್ತಿರ ಹೋಗಿ ನಿಂತ. ಅಕ್ಕನೂ ಅವನ ಹಿಂದೆಯೇ ಹೋದಳು. ಮೂವರೂ ರಸ್ತೆಯ ಕಡೆ ಹೊರಟರು.

ನನ್ನ ಬಲಗೈ ಖಾಲಿಯಾಗಬೇಕಿತ್ತು, ಆಗಲಿಲ್ಲ. ತಣ್ಣನೆಯ ಪುಟ್ಟ ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದಿದ್ದವು. ಮಗಳನ್ನು ಕೂಗಲು ಬಾಯಿ ತೆರೆದೆ. ಕೂಗಿ ಏನಂತ ಹೇಳಲಿ?